ಮುಚ್ಚಳವಿಲ್ಲದ ಗರಗಸ

ಅಲೋಯಿಸನ ಎಡಗೈ ಆರು ವರ್ಷದಿಂದ ಹೆಗಲಿನ ಹೆಣಿಗೆಚೀಲದೊಳಗೇ ವಾಸವಾಗಿತ್ತು. ಚರ್ಚಿನಲ್ಲೂ ಅಲ್ಲೇ, ಸಂತೆಯಲ್ಲೂ ಅಲ್ಲೇ. ಆ ಕೈಯಲ್ಲಿ ಈಗ ಮೂರೇ ಬೆರಳು. ಇನ್ನೆರಡನ್ನು ಮರದ ಕಂಪನಿಯ ಗರಗಸ ತಿಂದಿತ್ತು. ಕಂಪನಿ ಒಂದು ಮೂಟೆ ಅಕ್ಕಿ, ಆರು ಡಬ್ಬಿ ಮೀನು ಕೊಟ್ಟು ಮನೆಗೆ ಕಳಿಸಿತು. ಗರಗಸದ ಮೇಲಿನ ತಗಡಿನ ಮುಚ್ಚಳವನ್ನು ಅವನೇ ಬಿಚ್ಚಿಕೊಂಡ ಎಂದು ಬರೆದುಕೊಂಡಿತು. ಕಾರ್ಮಿಕರ ಕಚೇರಿಯ ಅಧಿಕಾರಿ ಕೇಳಿದ್ದು ಒಂದೇ ಮಾತು: "ಕಂಪನಿಯೇ ಬಿಚ್ಚಿಸಿತು ಅನ್ನೋದಕ್ಕೆ ಕಾಗದ ಇದೆಯಾ?"

ಇರಲಿಲ್ಲ.

ಈಗ ಕಂಪನಿ ಅದೇ ಗರಗಸವನ್ನು ಮಾರಲು ಕುಳಿತಿತ್ತು. ಎರಡು ಹಳಿ, ಒಂದು ಎಂಜಿನ್, ಒಂದು ಹಲ್ಲಿನ ಚಕ್ರ. ಬಿಚ್ಚಿ ಹೆಗಲ ಮೇಲೆ ಕಾಡಿಗೆ ಹೊತ್ತರೆ ಮರ ಬಿದ್ದಲ್ಲೇ ಹಲಗೆ ಕೊಯ್ಯಬಹುದು. ಮರವನ್ನು ಕಂಪನಿಗೆ ಸೌದೆಯ ಬೆಲೆಗೆ ಕೊಟ್ಟು ಕೊಟ್ಟು ಊರಿಗೆ ಸಾಕಾಗಿತ್ತು. ಊರಲ್ಲಿ ಗರಗಸದ ಮರ್ಮ ಬಲ್ಲವನು ಅಲೋಯಿಸ್ ಒಬ್ಬನೇ. ದುಡ್ಡಿನ ಗಂಟು ಅವನ ಚಿಕ್ಕಮ್ಮ ಒಟೀಲಿಯಾಳ ಸೊಂಟದಲ್ಲಿತ್ತು. ನೆಲ, ಮರ, ಕೊನೆಯ ಮಾತು, ಮೂರೂ ಅಲ್ಲಿ ತಾಯಂದಿರ ಕಡೆಯವು.

ನಾಲ್ವರು ಗಂಡಸರ ಜೊತೆ ಇಬ್ಬರೂ ದೋಣಿಯಲ್ಲಿ ಕಂಪನಿಯ ದಂಡೆಗೆ ಬಂದಿಳಿದರು. ದೋಣಿಯ ನಡುವೆ ಒಂದು ದಿಮ್ಮಿ ಮಲಗಿತ್ತು.

"ಏನಜ್ಜಿ, ಅಡುಗೆಗೆ ಸೌದೆ ತಂದ್ಯಾ?" ಕಂಪನಿಯ ಬಾಸ್ ಲೆಸ್ಲಿ ನಕ್ಕ.

"ಬರಿಗೈಲಿ ಬರಬಾರದಲ್ಲ ಬಾಸ್. ನಿನ್ನ ಗರಗಸಕ್ಕೆ ತಿಂಡಿ ತಂದೆ. ಕಬ್ಬಿಣದಂಥ ಕ್ವಿಲಾ ಮರ."

"ಕೊಯ್ದು ತೋರಿಸೋಕೆ ನಾನೇ ಒಂದು ದಿಮ್ಮಿ ಇಟ್ಟಿದ್ದೀನಲ್ಲ!"

"ಅದು ಬಾಳೆದಿಂಡಿನ ತಮ್ಮ. ಹಲ್ಲಿಲ್ಲದ ನಾನೂ ಕಚ್ತೀನಿ."

ಬಾಸ್ ಅಲೋಯಿಸನ ಮುಖ ನೋಡಿದ. ಗುರುತು ಸಿಗಲಿಲ್ಲ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಇದೇ ಮುಖಕ್ಕೆ ಕೆಲಸ ಹೇಳಿದ್ದ. ಅಲೋಯಿಸನೂ ಹೇಳಿಕೊಳ್ಳಲಿಲ್ಲ. ಬಲಗೈಯನ್ನು ಎಂಜಿನ್ ಮೇಲಿಟ್ಟ.

"ಬಾಸ್, ಇದಕ್ಕೆ ಜ್ವರ ಬಂದಿದೆ."

"ಬಿಸಿಲಪ್ಪಾ, ಬಿಸಿಲು."

"ಬಿಸಿಲು ಇನ್ನೂ ತೆಂಗಿನ ತಲೆ ಬಿಟ್ಟು ಇಳಿದಿಲ್ಲ. ನಾವು ಬರೋ ಮುಂಚೆ ಓಡಿಸಿದ್ದೀರಿ. ತಣ್ಣಗಿದ್ದಾಗ ಹತ್ತುತ್ತಾ ನೋಡಬೇಕು."

"ಆರಲಿ ಬಿಡು, ನಮಗೇನು ಅವಸರ," ಎಂದು ಒಟೀಲಿಯಾ ನೆಲದ ಮೇಲೆ ಕುಳಿತು ಅಡಿಕೆ ಬಿಚ್ಚಿದಳು. ಗಂಡಸರೂ ಕುಳಿತರು. ಬಾಸ್ ನಿಂತ, ನಡೆದ, ಗಡಿಯಾರ ನೋಡಿದ. ಗರಗಸಕ್ಕೆ ಹೊಸ ಹಸಿರು ಬಣ್ಣ ಬಳಿದಿದ್ದರು. ಮುಚ್ಚಳ ಕೂರಬೇಕಾದಲ್ಲಿ ನಾಲ್ಕು ತೂತಿಗೆ ಮೇಣ ಮೆತ್ತಿ ಅದಕ್ಕೂ ಬಣ್ಣ ಹೊಡೆದಿದ್ದರು. ಚೀಲದೊಳಗೆ, ಇಲ್ಲದ ಬೆರಳುಗಳು ತುರಿಸಿದವು.

ಎಂಜಿನ್ ತಣ್ಣಗಾಯಿತು. ಹಗ್ಗ ಎಳೆದರು. ಒಂಬತ್ತನೆಯ ಎಳೆತಕ್ಕೆ ಕೆಮ್ಮಿತು, ಹದಿಮೂರನೆಯದಕ್ಕೆ ಹತ್ತಿತು. ಒಟೀಲಿಯಾ ಮೀನಿನ ದಾರ ತೆಗೆದು ಹಳಿಯ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿಸಿದಳು. ದಾರಕ್ಕೂ ಹಳಿಗೂ ನಡುವಿನ ಸಂದಿಯಲ್ಲಿ ಒಂದು ಇಡೀ ಅಡಿಕೆ ಆಚೆ ಉರುಳಿಹೋಯಿತು.

"ಹಳಿಗೂ ನನ್ನ ಹಾಗೆ ಸೊಂಟ ಬಗ್ಗಿದೆ ಬಾಸ್."

ಕ್ವಿಲಾ ದಿಮ್ಮಿ ಕೊಯ್ದರೆ ಹಲಗೆಯ ಒಂದು ತುದಿ ಮೂರು ಬೆರಳು ದಪ್ಪ, ಇನ್ನೊಂದು ತುದಿ ಒಂದೇ ಬೆರಳು.

"ಈ ಕಡೆ ಬಾಗಿಲು, ಆ ಕಡೆ ಬೀಸಣಿಗೆ," ಎಂದ ಗಂಡಸರಲ್ಲೊಬ್ಬ. ಎಲ್ಲರೂ ನಕ್ಕರು. ಹದಿನೆಂಟು ಸಾವಿರ ಕಿನಾ ಹೇಳಿದ್ದ ಬಾಸ್ ಏಳಕ್ಕೆ ಇಳಿದ.

ಒಟೀಲಿಯಾ ಉಗುರಿನಿಂದ ಮೇಣ ಕೆರೆದಳು. "ಇಲ್ಲೇನೋ ಮುರಿದು ಬಿದ್ದುಹೋಗಿದೆ. ಮುರುಕು ಮಾಲು ಬೇಡ. ಏಳ್ರೋ, ಹೋಗೋಣ."

"ಮುರಿದಿಲ್ಲಜ್ಜಿ!" ಬಾಸ್ ಅಡ್ಡ ಬಂದ. "ಮುಚ್ಚಳ ಇತ್ತು, ನಾನೇ ತೆಗೆಸಿದ್ದು. ಇದು ಬಂದ ವರ್ಷವೇ. ಮುಚ್ಚಳ ಇದ್ರೆ ದಿನಕ್ಕೆ ಮೂವತ್ತು ಹಲಗೆ, ಇಲ್ದಿದ್ರೆ ಐವತ್ತು. ಇದು ಕೊರತೆ ಅಲ್ಲ, ಲಾಭ. ಆ ಮುಚ್ಚಳ ಇನ್ನೂ ಶೆಡ್ಡಲ್ಲಿದೆ."

ಅಲೋಯಿಸ್ ಚಿಕ್ಕಮ್ಮನ ಕಡೆ ನೋಡಿದ. ಅವಳು ಸುಣ್ಣದ ಡಬ್ಬಿ ಹುಡುಕುತ್ತಿದ್ದಳು.

"ನೀನು ಹೇಳ್ತೀಯ ಬಾಸ್. ಊರಲ್ಲಿ ಕೇಳ್ತಾರಾ? ಮುದುಕಿ ಮುರುಕು ತಂದಳು ಅಂತ ನನ್ನ ತಿಂದುಹಾಕ್ತಾರೆ. ಯಾವ ವರ್ಷ ಬಿಚ್ಚಿಸಿದೆ, ಯಾಕೆ ಬಿಚ್ಚಿಸಿದೆ, ರಸೀದಿಲಿ ಬರೆದುಕೊಡು. ಆಗ ದುಡ್ಡು ಬಿಚ್ತೀನಿ."

"ಅಷ್ಟೇ ತಾನೇ!"

ಬಾಸ್ ಉತ್ಸಾಹದಿಂದ ಬರೆದ. ವರ್ಷ ಬರೆದ. ತನ್ನ ಹೆಸರು ಬರೆದ. ಕಂಪನಿಯ ಮೊಹರನ್ನು ಎರಡು ಸಲ ಒತ್ತಿದ. ಒಟೀಲಿಯಾ ಸೊಂಟದ ಗಂಟು ಬಿಚ್ಚಿ ದುಡ್ಡು ಎಣಿಸಿಕೊಟ್ಟಳು.

ಗಂಡಸರು ಎಂಜಿನ್ ಬಿಚ್ಚಿ ಕೋಲಿಗೆ ಕಟ್ಟಿದರು, ಹಳಿ ಹೆಗಲಿಗೇರಿಸಿದರು. ಶೆಡ್ಡಿನಿಂದ ತುಕ್ಕು ಹಿಡಿದ ಮುಚ್ಚಳವನ್ನೂ ತಂದರು.

"ಕಾಗದ ಈಸ್ಕೊಳ್ಳೋ ಮಗಾ," ಎಂದಳು ಒಟೀಲಿಯಾ.

ಅಲೋಯಿಸ್ ಬಲಗೈ ಚಾಚಿದ.

"ಆ ಕೈಲಲ್ಲ."

ಎಡಗೈ ಚೀಲದಿಂದ ನಿಧಾನವಾಗಿ ಹೊರಬಂತು. ಮೂರು ಬೆರಳು ರಸೀದಿಯ ತುದಿ ಹಿಡಿದವು. ಇನ್ನೊಂದು ತುದಿ ಬಾಸ್‌ನ ಕೈಯಲ್ಲೇ ಇತ್ತು. ಅವನು ಆ ಕೈ ನೋಡಿದ, ಮುಖ ನೋಡಿದ. ಈಗ ಗುರುತು ಸಿಕ್ಕಿತು.

"ಬಿಡು ಬಾಸ್," ಒಟೀಲಿಯಾ ಮೆಲ್ಲಗೆ ಹೇಳಿದಳು, "ಕಾರ್ಮಿಕರ ಕಚೇರಿ ಮುಚ್ಚೋದರೊಳಗೆ ತಲುಪಬೇಕು."

ಹೊರೆ ಹೊತ್ತ ನಾಲ್ವರೂ ನಿಂತಲ್ಲೇ ನಿಂತು ಕಾದರು. ಬಾಸ್ ಬಿಟ್ಟ.