ಎಡಗಡೆಯ ಇಪ್ಪತ್ತೆರಡು

ಬಿಸಿ. ಮುಖಕ್ಕೆ ಹೊಡೆಯುತ್ತಿದ್ದ ಗಾಳಿ ಬಿಸಿಯಾಗಿತ್ತು. ಕಣ್ಣಿಗೆ ಬಿಟ್ಟ ಔಷಧಿಯಿಂದಲೇ ಹೀಗಾಗುತ್ತಿರಬೇಕು ಎಂದುಕೊಂಡ. ಪಾಪೆ ಅಗಲವಾದರೆ ಲೋಕ ಮಸುಕಾಗುತ್ತದೆ, ಸರಿ. ಗಾಳಿ ಏಕೆ ಬಿಸಿಯಾಗಬೇಕು?

ಈ ಕಾರು ಕೊಂಡ ಮೇಲೆ ಅವನು ಅದರ ಎಡಗಡೆ ಕೂತದ್ದು ಇದೇ ಮೊದಲು. ಸಂಜೆಯವರೆಗೆ ಸ್ಟಿಯರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರಿಂದ ಹೆಂಡತಿ ಓಡಿಸುತ್ತಿದ್ದಳು. ಚೆನ್ನಾಗಿಯೇ ಓಡಿಸುತ್ತಿದ್ದಳು. ಅದೂ ಅವನಿಗೆ ಸ್ವಲ್ಪ ಇರುಸುಮುರುಸು.

"ಎಸಿ ಹಾಕಿದ್ದೀಯಾ?"

"ಹೂಂ. ಇಲ್ಲಿ ಎಷ್ಟು ತಣ್ಣಗಿದೆ ಕಣ್ರೀ!"

ಅವಳ ದನಿಯಲ್ಲಿದ್ದ ಅಚ್ಚರಿ ಅವನಿಗೆ ಅರ್ಥವಾಗಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ ಡ್ಯಾಶ್‌ಬೋರ್ಡ್ ನೋಡಿದ. ಬಲಗಡೆ ಇಪ್ಪತ್ತೆರಡು, ಎಡಗಡೆ ಇಪ್ಪತ್ತೆರಡು. ಕೈ ಚಾಚಿ ಅವಳ ಕಡೆಯ ಗಾಳಿಕಂಡಿಗೆ ಹಿಡಿದ. ಮಂಜಿನಷ್ಟು ತಣ್ಣಗೆ.

"ಈ ಕಡೆ ಬಿಸಿ ಬರ್ತಿದೆಯಲ್ಲೇ."

"ಬರುತ್ತೆ."

"ಬರುತ್ತೆ ಅಂದ್ರೆ?"

"ಅಲ್ಲಿ ಹಾಗೇನೇ ಬರೋದು." ಒಂದು ಲಾರಿಯನ್ನು ದಾಟಿ ಮುಂದೆ ಹೋದಳು. "ಹೋದ ಬೇಸಿಗೇಲೂ ಹೀಗೇ ಇತ್ತು."

ಅವನು ಕಾಲೇಜಿನಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಉಷ್ಣಶಾಸ್ತ್ರ ಪಾಠ ಮಾಡುತ್ತಿದ್ದ. ಹುಡುಗರು ಬೆನ್ನ ಹಿಂದೆ 'ಉಷ್ಣ ಮೇಷ್ಟ್ರು' ಎನ್ನುತ್ತಿದ್ದರು. ವಿಷಯವೊಂದೇ ಅದಕ್ಕೆ ಕಾರಣವಲ್ಲ. ಅಂಥವನ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ಎರಡು ಬೇಸಿಗೆ ಒಬ್ಬ ಹೆಂಗಸು ಬೇಯುತ್ತಾ ಕೂತಿದ್ದಳು.

"ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ನೀವು ನಂಬರ್ ತೋರಿಸಿದ್ರಿ."

ತೋರಿಸಿದ್ದ. ಈಗ ನೆನಪಾಯಿತು. ಬೆರಳಿನಿಂದ ಇಪ್ಪತ್ತೆರಡರ ಮೇಲೆ ಎರಡು ಸಲ ಕುಟ್ಟಿ ತೋರಿಸಿದ್ದ, ಕರಿಹಲಗೆಯ ಮೇಲೆ ಕುಟ್ಟುವಂತೆ. ಅವಳು ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದಾಗಲೆಲ್ಲ "ಮುಚ್ಚೇ, ಎಸಿ ಎಲ್ಲಾ ದಂಡ" ಎಂದಿದ್ದ. ಅವಳು ಮುಚ್ಚಿದ್ದಳು. ಕೈಚೀಲದಲ್ಲಿ ಒದ್ದೆ ಕರವಸ್ತ್ರ ಇಟ್ಟುಕೊಳ್ಳುತ್ತಿದ್ದಳು. ಹೆಂಗಸರ ಕೈಚೀಲದಲ್ಲಿ ಏನೇನೋ ಇರುತ್ತದೆ ಎಂದುಕೊಂಡಿದ್ದ. ದಾರಿಯಲ್ಲಿ ಅಪರೂಪಕ್ಕೆ "ಹೇಗಿದೆ?" ಎಂದು ಕೇಳಿದರೆ ಅವಳದು ಒಂದೇ ಉತ್ತರ. "ಪರವಾಗಿಲ್ಲ."

ಅಂಗಿಯ ಜೇಬಿನಲ್ಲಿ ಕಾಗದ ಚುಚ್ಚಿತು. ಮುನ್ನೂರು ಮೈಲಿ ಆಚೆಯ ಊರೊಂದರ ಕಾಲೇಜಿಗೆ ಪ್ರಿನ್ಸಿಪಾಲನಾಗಿ ಬರುತ್ತೇನೆ ಎಂಬ ಒಪ್ಪಿಗೆ ಪತ್ರ. ನಾಳೆ ಕೊನೆಯ ದಿನ. ಹತ್ತು ದಿನದ ಹಿಂದೆ ಅವಳನ್ನು ಕೇಳಿಯೇ ಬರೆದಿದ್ದ. ಇಲ್ಲಿ ಅವಳಿಗೆ ಮೂರು ಬೀದಿ ಆಚೆಯ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗವಿತ್ತು. ಹನ್ನೊಂದು ವರ್ಷದಿಂದ ಅವಳೇ ನೋಡಿಕೊಂಡು ಬಂದ ಕೋಣೆ. ಆ ಊರಲ್ಲಿ ಅವಳಿಗೆ ಏನೂ ಇರಲಿಲ್ಲ. ಒಣಗಿದ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದ್ದಳು: "ಪರವಾಗಿಲ್ಲ, ಹೋಗೋಣ."

"ಗ್ಯಾರೇಜ್ ಕಡೆ ತಿರುಗಿಸು," ಎಂದ.

"ಈಗ್ಲಾ? ಇನ್ನೊಂದಿನ ಆದ್ರೂ ಪರವಾ—"

"ತಿರುಗಿಸು."

ತಗಡಿನ ಸೂರಿನ ಕೆಳಗೆ ಮೆಕ್ಯಾನಿಕ್ ಒಬ್ಬನೇ ಇದ್ದ. ಐವತ್ತು ದಾಟಿದವನು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಕಾರುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಮಾತಾಡಿಸುವುದು ಅವನ ಅಭ್ಯಾಸ. "ಏನಮ್ಮಾ, ಏನಾಯ್ತು ನಿಂಗೆ?" ಎನ್ನುತ್ತಲೇ ಬಾನೆಟ್ ಎತ್ತಿದ.

ಇವನು ವಿವರಿಸಿದ. ಎಸಿಯ ಅನಿಲ ಕಡಿಮೆಯಾಗಿದ್ದರೆ ಒಳಗಿನ ಸುರುಳಿಯ ಒಂದು ಭಾಗವಷ್ಟೇ ತಣ್ಣಗಾಗುತ್ತದೆ, ಆದ್ದರಿಂದ ಎರಡೂ ಕಡೆಗಳ ನಡುವೆ ಅಂತರ ಬರುತ್ತದೆ, ಆದ್ದರಿಂದ—

"ಸರಿ ಮೇಷ್ಟ್ರೇ. ಸ್ವಲ್ಪ ಆ ಕಡೆ ನಿಂತ್ಕೊಳ್ತೀರಾ? ಬೆಳಕಿಗೆ ಅಡ್ಡ ಆಗ್ತಿದೀರಿ."

ಹೆಂಡತಿ ಮುಖ ತಿರುಗಿಸಿ ನಕ್ಕಳು. ಅವನು ಸರಿದು ನಿಂತ.

ಮೆಕ್ಯಾನಿಕ್ ಮೊದಲು ಗಾಳಿಯ ಫಿಲ್ಟರ್ ತೆಗೆದು ಕೊಡವಿದ. ಧೂಳಿತ್ತು, ಆದರೆ ಕಟ್ಟಿಕೊಂಡಿರಲಿಲ್ಲ. ಗೇಜಿನ ಕೊಳವೆಗಳನ್ನು ಸಿಕ್ಕಿಸಿ ಅನಿಲದ ಒತ್ತಡ ನೋಡಿದ. ಎಷ್ಟಿರಬೇಕೋ ಅಷ್ಟೇ ಇತ್ತು. ಇವನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಎರಡು ಥರ್ಮಾಮೀಟರುಗಳನ್ನು ಎರಡು ಗಾಳಿಕಂಡಿಗಳಿಗೆ ಸಿಕ್ಕಿಸಿದ. ಕಣ್ಣು ಮಂಜಾಗಿದ್ದರಿಂದ ಇವನಿಗೆ ಓದಲಾಗಲಿಲ್ಲ, ಅವಳೇ ಓದಿ ಹೇಳಿದಳು. "ಬಲಗಡೆ ಒಂಬತ್ತು. ಎಡಗಡೆ ಮೂವತ್ತಾರು." ಸೊಪ್ಪಿನ ಬೆಲೆ ಹೇಳುವಷ್ಟು ಸಹಜವಾಗಿ ಹೇಳಿದಳು.

ಮೆಕ್ಯಾನಿಕ್ ಡ್ಯಾಶ್‌ಬೋರ್ಡಿಗೆ ಕಿವಿ ಇಟ್ಟ. "ಒಳಗೆ ಟಿಕ್ ಟಿಕ್ ಅಂತಿದೆ."

"ಅದಾ? ಅದು ಸ್ಟಾರ್ಟ್ ಮಾಡಿದಾಗೆಲ್ಲ ಕೇಳುತ್ತೆ," ಎಂದಳು ಅವಳು.

ಇವನು ಆ ಸದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

"ಯಾವಾಗ್ಲೂ ಕೂರೋ ಜಾಗದಲ್ಲೇ ಇಬ್ರೂ ಕೂತ್ಕೊಳ್ಳಿ," ಎಂದ ಮೆಕ್ಯಾನಿಕ್. ಅವರು ಕೂತರು. ಅವನು ಡ್ಯಾಶ್‌ಬೋರ್ಡಿನ ಎಡಗಡೆಯ ಖಾನೆಯನ್ನು ಕಳಚಿ, ಬಾಗಿಲ ಬಳಿ ಮಂಡಿಯೂರಿ, ಒಳಗೆ ಭುಜದವರೆಗೆ ತೋಳು ತೂರಿಸಿದ. "ಒಂದೇ ಪೆಟ್ಟಿಗೇಲಿ ಬಿಸಿನೂ ಇರುತ್ತೆ, ತಣ್ಣಗಿನದೂ ಇರುತ್ತೆ. ಎಷ್ಟೆಷ್ಟು ಬೆರೆಸ್ಬೇಕು ಅಂತ ನೋಡ್ಕೊಳ್ಳೋಕೆ ಒಂದೊಂದು ಕಡೆಗೆ ಒಂದೊಂದು ಸಣ್ಣ ಬಾಗಿಲು. ಈ ಕಡೇದು ಸಿಕ್ಕಾಕ್ಕೊಂಡಿದೆ. ಕೈಯಲ್ಲಿ ತಿರುಗಿಸ್ತೀನಿ. ಅಕ್ಕಾ, ಈಗ ಹೇಗಿದೆ?"

"ಪರವಾಗಿಲ್ಲ."

"ಈಗ?"

"ಪರವಾಗಿಲ್ಲ."

ಮೆಕ್ಯಾನಿಕ್ ತೋಳು ಹೊರಗೆಳೆದು, ಹಣೆ ಒರೆಸಿಕೊಂಡು ಅವಳನ್ನು ನೋಡಿದ. "ಪರವಾಗಿಲ್ಲ ಅನ್ನೋ ಗೆರೆ ಯಾವ ಥರ್ಮಾಮೀಟರಲ್ಲೂ ಇಲ್ಲ ಅಕ್ಕಾ. ಬಿಸಿನೋ ತಣ್ಣಗೋ ಹೇಳಿ."

ಅವಳು ಒಮ್ಮೆ ಗಂಡನ ಕಡೆ ನೋಡಿದಳು. ಪರೀಕ್ಷೆಯಲ್ಲಿ ಗೊತ್ತಿರುವ ಉತ್ತರವನ್ನು ಬರೆಯಲೋ ಬೇಡವೋ ಎಂದು ಕೂತ ಹುಡುಗಿಯ ಮುಖ.

"ಬಿಸಿ," ಎಂದಳು. "ತುಂಬಾ ಬಿಸಿ."

"ಹಾಗೆ ಹೇಳಿ ಮತ್ತೆ! ಇಷ್ಟು ದಿನ ಹೇಗೆ ಕೂತಿದ್ರಿ ಇದ್ರಲ್ಲಿ?"

ಅವಳು ನಗುತ್ತಾ ಹೇಳಿದಳು. ಹೇಳಿದ್ದು ಮೆಕ್ಯಾನಿಕ್‌ಗೆ. "ನನ್ ಮೈಯೇ ಹಾಗಾಗಿದೆ ಅನ್ಕೊಂಡಿದ್ದೆ. ನಂಬರ್ ಇಪ್ಪತ್ತೆರಡು ಇತ್ತಲ್ಲ, ಇವರು ತೋರಿಸಿದ್ರು. ಡಾಕ್ಟರನ್ನೂ ಕೇಳ್ದೆ. ಈ ವಯಸ್ಸಲ್ಲಿ ಹೆಂಗಸರಿಗೆ ಮೈ ಬಿಸಿ ಆಗೋದು ಸಹಜ ಅಂದ್ರು. ಕಾರಿಂದ ಇಳಿದ್ರೆ ಸರಿಹೋಗ್ತಿತ್ತು. ಅದೊಂದನ್ನ ಅವರಿಗೆ ಹೇಳೋಕೆ ಮರೆತೆ."

ಮೆಕ್ಯಾನಿಕ್ ಬಿದ್ದು ಬಿದ್ದು ನಕ್ಕ. ಇವನೂ ನಗಲು ನೋಡಿದ. ಅವಳು ಒಬ್ಬಳೇ ಡಾಕ್ಟರ ಹತ್ತಿರ ಹೋಗಿದ್ದು ಯಾವಾಗ? ಆಗ ಇವನು ಏನು ಮಾಡುತ್ತಿದ್ದ? ಬಹುಶಃ ಉತ್ತರಪತ್ರಿಕೆ ತಿದ್ದುತ್ತಿದ್ದ. ಅವಳ ಮೇಲೆ ಪ್ರೀತಿ ಉಕ್ಕಿ ಬಂತು, ಅದರ ಬೆನ್ನಿಗೇ ನಾಚಿಕೆ. ಎರಡನ್ನೂ ಬೇರೆ ಮಾಡಲು ಅವನಿಗೆ ಆಗಲಿಲ್ಲ. ಅವಳ ಮಂಡಿಯ ಮೇಲಿದ್ದ ಕೈಯನ್ನು ಒಮ್ಮೆ ಒತ್ತಿದ. ಅವಳು "ಏನ್ರೀ?" ಎಂದಳು.

ಮೆಕ್ಯಾನಿಕ್ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಮೋಟರ್ ಹೊರತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಒಳಗಿನ ಪ್ಲಾಸ್ಟಿಕ್ ಚಕ್ರದ ಎರಡು ಹಲ್ಲು ಮುರಿದಿದ್ದವು. "ತಿರುಗೋಕೆ ನೋಡುತ್ತೆ, ಜಾರುತ್ತೆ. ಅದೇ ಟಿಕ್ ಟಿಕ್. ಮೇಲಿರೋ ನಂಬರ್ ನೀವು ಕೇಳಿದ್ದು, ಅಷ್ಟೇ. ಒಳಗೆ ಏನು ಬರ್ತಿದೆ ಅಂತ ಅದಕ್ಕೆ ಗೊತ್ತಿರಲ್ಲ."

ಬೇಕಾದ ಉಷ್ಣತೆ ಬೇರೆ, ಇರುವ ಉಷ್ಣತೆ ಬೇರೆ. ಪ್ರತಿ ವರ್ಷ ಮೊದಲ ಪಾಠದಲ್ಲೇ ಅವನು ಹೇಳುತ್ತಿದ್ದ ಮಾತು. ಎರಡನ್ನೂ ಗೊಂದಲ ಮಾಡಿಕೊಂಡವರಿಗೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕುತ್ತಿದ್ದ.

"ಹೊಸ ಮೋಟರ್ ಬರೋಕೆ ಎಂಟು ದಿನ ಆಗುತ್ತೆ," ಎಂದ ಮೆಕ್ಯಾನಿಕ್. "ಅಲ್ಲಿವರೆಗೆ ಬಾಗಿಲನ್ನ ತಂತಿ ಹಾಕಿ ಕಟ್ಟಿರ್ತೀನಿ. ಎಲ್ಲಿಗೆ ಕಟ್ಲಿ? ಮಧ್ಯಕ್ಕಾ?"

"ಪೂರ್ತಿ ತಣ್ಣಗೆ ಕಟ್ಟಿ," ಎಂದ ಇವನು. ದನಿ ಬೇಕಾದ್ದಕ್ಕಿಂತ ಜೋರಾಯಿತು.

"ಆಮೇಲೆ ಗುಂಡಿ ತಿರುಗಿಸಿದ್ರೂ ಕೇಳಲ್ಲ ಮೇಷ್ಟ್ರೇ."

"ಕೇಳೋದು ಬೇಡ. ಎರಡು ಬೇಸಿಗೆ ಬೆಂದಿದ್ದಾಳೆ ಇವಳು."

ಅವಳು ತಲೆ ತಗ್ಗಿಸಿ ಕೈಚೀಲದ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು. ಮುಖದಲ್ಲಿ ಒಂದು ನಗು ಇತ್ತು. ಮಸುಕಾದ ಕಣ್ಣಿಗೂ ಅದು ಕಂಡಿತು.

ಹೊರಟಾಗಲೂ ಅವಳೇ ಓಡಿಸಬೇಕಾಗಿತ್ತು. ಕಣ್ಣು ಇನ್ನೂ ತಿಳಿಯಾಗಿರಲಿಲ್ಲ. ಅವನು ಎಡಗಡೆ ಹತ್ತಿ ಕೂತ. ಬೀದಿ ದಾಟುವ ಹೊತ್ತಿಗೆ ತಪ್ಪು ಗೊತ್ತಾಯಿತು. ಹೆಂಡತಿಗೆಂದು ತೋರಿದ ಔದಾರ್ಯವೆಲ್ಲ ಅವನ ಎದೆಗೇ ಬಂದು ಬಡಿಯುತ್ತಿತ್ತು. ಗ್ಯಾರೇಜಿನ ಸೆಕೆಗೆ ಅಂಗಿ ಬೆವರಿನಿಂದ ತೊಯ್ದಿತ್ತು. ಅದೀಗ ಮೈಗೆ ತಣ್ಣಗೆ ಅಂಟಿಕೊಂಡಿತು. ಗಾಳಿಕಂಡಿಯ ಪಟ್ಟಿಗಳನ್ನು ಆಚೆ ತಿರುಗಿಸಬಹುದಿತ್ತು. ಅವಳು ನೋಡುತ್ತಾಳೆ ಎಂದು ಬಿಟ್ಟ.

ಅವಳು ಮಾತ್ರ ಹಗುರಾಗಿ ಕೂತಿದ್ದಳು. ಕಿವಿಯ ಬಳಿಯ ಕೂದಲು ಒಣಗಿ ಹಾರುತ್ತಿತ್ತು. ಏನೋ ಗುನುಗುತ್ತಿದ್ದಳು. ಕಾರಿನಲ್ಲಿ ಅವಳು ಗುನುಗಿದ್ದನ್ನು ಅವನು ಕೇಳಿ ಬಹಳ ಕಾಲವಾಗಿತ್ತು.

"ಒಂದು ಮಾತು ಕೇಳ್ತೀನಿ," ಎಂದ. "ಮೆಕ್ಯಾನಿಕ್‌ಗೆ ಹೇಳಿದ ಹಾಗೆ ಹೇಳ್ಬೇಕು."

"ಕೇಳಿ."

"ಆ ಊರಿಗೆ ಹೋಗೋದು. ಬಿಸಿನೋ, ತಣ್ಣಗೋ?"

ಗುನುಗು ನಿಂತಿತು. ಸಿಗ್ನಲ್ ಕೆಂಪಾಯಿತು. ಅವಳು ಬ್ರೇಕ್ ಒತ್ತಿ, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದೆ ನೋಡಿದಳು. ತುಟಿ ತೆರೆಯಿತು. ಹೇಳಿಯೇಬಿಡುತ್ತಾಳೆ ಎನ್ನುವಾಗ ಅವನ ಕಡೆ ತಿರುಗಿದಳು. ಅವನು ಎರಡೂ ತೋಳುಗಳನ್ನು ಎದೆಗೆ ಕಟ್ಟಿಕೊಂಡು ಕೂತಿದ್ದ.

"ಮೊದ್ಲು ನೀವು ಹೇಳಿ. ಆ ಕಡೆ ಹೇಗಿದೆ? ಚಳಿ ಆಗ್ತಿದ್ರೆ ಆರಿಸಿಬಿಡ್ತೀನಿ."

ಚಳಿ ಎಂದರೆ ಅವಳು ನಿಜಕ್ಕೂ ಆರಿಸುತ್ತಾಳೆ. ಎರಡು ಬೇಸಿಗೆ ಬೆಂದ ಮೇಲೆ ಇವತ್ತು ತಣ್ಣಗೆ ಕೂತಿದ್ದಾಳೆ. ಇನ್ನು ಹತ್ತು ನಿಮಿಷದ ದಾರಿ.

"ಪರವಾಗಿಲ್ಲ," ಎಂದ.

ಮಾತು ಬಾಯಿಂದ ಬಿದ್ದ ಮೇಲೆ ತಿಳಿಯಿತು. ಎಷ್ಟು ಸಲೀಸಾಗಿ ಬಂದಿತ್ತು! ಸುಳ್ಳು ಎನ್ನುವಂತಿರಲಿಲ್ಲ. ಅದರ ತುಂಬ ಪ್ರೀತಿಯೇ ಇತ್ತು. ಎಷ್ಟು ಡಿಗ್ರಿ ಎಂಬುದು ಮಾತ್ರ ಇರಲಿಲ್ಲ.

ಅವಳು ಅವನ ಮುಂಗೈಯನ್ನೇ ನೋಡಿದಳು. ಅಲ್ಲಿ ಕೂದಲು ನೆಟ್ಟಗೆ ನಿಂತಿತ್ತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಸಿಗ್ನಲ್ ಹಸಿರಾಗಿತ್ತು.

"ಹಾಗಾದ್ರೆ ನಂದೂ ಅಷ್ಟೇ," ಎಂದಳು ಮೃದುವಾಗಿ, ಮತ್ತು ಗೇರ್ ಹಾಕಿದಳು.

ಕಾರು ಮುಂದೆ ಹೋಯಿತು. ಅವಳ ಕಣ್ಣು ರಸ್ತೆಯ ಮೇಲಿದ್ದಾಗ ಅವನು ಕಳ್ಳನಂತೆ ಕೈ ಚಾಚಿ ಎಡಗಡೆಯ ಗುಂಡಿ ತಿರುಗಿಸಿದ. ಇಪ್ಪತ್ತಮೂರು. ಇಪ್ಪತ್ತೈದು. ತಂತಿ ಕಟ್ಟಿದ್ದು ಗೊತ್ತಿತ್ತು. ಆದರೂ ತಿರುಗಿಸಿದ. ಇಪ್ಪತ್ತೆಂಟು. ಮಸುಕಾದ ಅಂಕಿಗಳು ವಿಧೇಯವಾಗಿ ಏರುತ್ತಾ ಹೋದವು. ಗಾಳಿ ಹಾಗೇ ಬರುತ್ತಿತ್ತು.