ಇನ್ನೊಂದು ಕೈ

ಠಾಣಾ ಕುಶನೂರಿನಲ್ಲಿ ಕುರಿಗೆ ಬರೆ ಹಾಕುವುದರಲ್ಲಿ ಸಖುಬಾಯಿಯನ್ನು ಮೀರಿಸುವವರು ಇರಲಿಲ್ಲ. ಹಿಂಡು ಬಿಟ್ಟು, ಮೇವು ಮರೆತು, ನಿಂತಲ್ಲೇ ಸುತ್ತುವ ಕುರಿ ಯಾರದಿದ್ದರೂ ಅವಳ ಅಂಗಳಕ್ಕೆ ಬರುತ್ತಿತ್ತು. ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಕಿವಿಯ ಹಿಂದೆ ಒಮ್ಮೆ ಮುಟ್ಟಿಸಿದರೆ ಮುಗಿಯಿತು. ಬದುಕಿದರೆ ಸಖುಬಾಯಿಯ ಕೈಗುಣ, ಸತ್ತರೆ ಕುರಿಯ ಹಣೆಬರಹ. ಇಂಥ ವೈದ್ಯಕ್ಕೆ ಕೆಟ್ಟ ಹೆಸರು ಬರುವುದಾದರೂ ಹೇಗೆ?

ಅದೇ ಕೈ ಎರಡು ವರ್ಷದ ಹಿಂದೆ ಮೊಮ್ಮಗಳ ಕಿವಿಯ ಹಿಂದೆಯೂ ಬರೆ ಹಾಕಿತ್ತು.

ಸಿದ್ದೇಶ್ವರಿಗೆ ಆಗ ಏಳು ವರ್ಷ. ಕಾಲಲ್ಲಿ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ನೀರಿಗೆ ಕಳಿಸಿದರೆ ಕೊಡ ನಲ್ಲಿಯ ಕೆಳಗೆ ತುಂಬಿ ಚೆಲ್ಲುತ್ತಿತ್ತು, ಹುಡುಗಿ ಯಾರದೋ ತೊಗರಿ ಹೊಲದಲ್ಲಿ ಚಿಟ್ಟೆಯ ಹಿಂದೆ ಇರುತ್ತಿದ್ದಳು. ಶಾಲೆಯಲ್ಲಿ ಬರೆಯತೊಡಗಿದ ಸಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಮಾಸ್ತರರು ಹೇಳಿ ಹೇಳಿ ಸೋತರು. ಹಿಂಡು ಬಿಟ್ಟ ಕುರಿಗಳನ್ನೇ ಜೀವಮಾನವಿಡೀ ನೋಡಿದ್ದ ಸಖುಬಾಯಿಗೆ ತನಗೆ ಗೊತ್ತಿದ್ದ ಒಂದೇ ಮದ್ದು ನೆನಪಾಯಿತು. ಪ್ರೀತಿಯಿಂದಲೇ ಮಾಡಿದಳು. ಪ್ರೀತಿ ಇದ್ದ ಮಾತ್ರಕ್ಕೆ ಕಬ್ಬಿಣ ತಣ್ಣಗಾಗುವುದಿಲ್ಲ ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಅಂದಿನಿಂದ ಹುಡುಗಿಯ ಮನಸ್ಸು ನಿಲ್ಲುವುದಿರಲಿ, ಅವಳು ಅಜ್ಜಿಯ ಮಗ್ಗುಲಿಗೆ ಬರುವುದೇ ನಿಂತಿತು. ಕರೆದರೆ ಒಂದು ಮಾರು ದೂರ ನಿಲ್ಲುತ್ತಿದ್ದಳು. ತಲೆಯನ್ನು ತಾನೇ ಸೊಟ್ಟಪಟ್ಟ ಬಾಚಿಕೊಳ್ಳುತ್ತಿದ್ದಳು. ಸಖುಬಾಯಿಯ ಮಗ ರವಿಕಿರಣ ಭಾಲ್ಕಿಯಲ್ಲಿ ಬೇಳೆಕಾಳಿನ ಅಂಗಡಿಯಲ್ಲಿ ದುಡಿಯುತ್ತಿದ್ದ. ಗಂಡ ಹೆಂಡತಿ ಇಬ್ಬರೂ ದಿನವಿಡೀ ಹೊರಗೆ ಇರುವುದರಿಂದ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು. ಕಲೆ ನೋಡಿ ಕೇಳಿದ್ದಕ್ಕೆ ಸಖುಬಾಯಿ ‘ಒಲಿ ಕಿಡಿ’ ಎಂದಿದ್ದಳು. ನಿಜ ಗೊತ್ತಾದರೆ ರವಿಕಿರಣ ಮಗಳನ್ನು ಒಂದು ದಿನವೂ ಇಲ್ಲಿ ಬಿಡುವವನಲ್ಲ. ಹತ್ತಿರ ಬರದಿದ್ದರೂ ಸರಿ, ಹುಡುಗಿ ಕಣ್ಣೆದುರು ಓಡಾಡಿಕೊಂಡಿದ್ದರೆ ಸಾಕು ಎಂದು ಮುದುಕಿ ಆ ಸುಳ್ಳನ್ನು ಜೋಪಾನ ಮಾಡಿಕೊಂಡು ಬಂದಿದ್ದಳು.

ಈ ವರ್ಷ ಬೀದರಿನ ಡಾಕ್ಟರರು ಹುಡುಗಿಯನ್ನು ನೋಡಿ, ಇದು ಗಮನ ನಿಲ್ಲದ ತೊಂದರೆ, ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಹಟವೂ ಅಲ್ಲ ದಡ್ಡತನವೂ ಅಲ್ಲ ಎಂದು ಹೇಳಿ ಗುಳಿಗೆ ಬರೆದರು. ಜೊತೆಗೆ ಆಮ್ರಪಾಲಿ ಎಂಬ ಮನಶ್ಶಾಸ್ತ್ರದ ಮೇಡಂ ಹತ್ತಿರ ಕಳಿಸಿದರು. ಸೋಯಾ ಕಟಾವಿನ ದಿನಗಳು. ಅಂಗಡಿಗೆ ಮಾಲು ಬರುವ ಹೊತ್ತಾದ್ದರಿಂದ ರವಿಕಿರಣನಿಗೆ ರಜೆ ಸಿಗಲಿಲ್ಲ. ಸಖುಬಾಯಿಯೇ ಮೊಮ್ಮಗಳನ್ನು ಬಸ್ಸು ಹತ್ತಿಸಿಕೊಂಡು ಬೀದರಿಗೆ ಬಂದಳು.

ಆಮ್ರಪಾಲಿ ಭಾಲ್ಕಿಯವಳು. ಬಾಯಿ ತೆರೆದರೆ ಮನೆಯ ಮಾತೇ ಬರುತ್ತಿತ್ತು.

“ಇದು ಕಣ್ಣು ಆಡಿಸಿ ಮಾಡೋ ಚಿಕಿತ್ಸಾ ಅದ, ಆಯಿ. ಮನಸ್ಸಿನ್ಯಾಗ ಕೂತಿದ್ದ ಅಂಜಿಕಿ ನೆನಸಿಕೋತ ನನ್ನ ಬೆರಳಿನ ಹಿಂದ ಕಣ್ಣು ಓಡಿಸಬೇಕು. ಅಂಜಿಕಿ ಹಗುರ ಮಾಡ್ಲಾಕ ಇದು ಬಳಕ್ಯಾಗ ಅದ. ಲಕ್ಷ್ಯ ನಿಲ್ಲಸ್ತದೋ ಇಲ್ಲೋ, ಅದು ಖಾತ್ರಿ ಇಲ್ರಿ, ಇನ್ನೂ ನೋಡ್ಲತ್ತಾರ. ಗುಳಗಿ ಬಿಡಬ್ಯಾಡ್ರಿ, ಇದನ್ನೂ ಮಾಡಿ ನೋಡೋಣು.”

“ಇಷ್ಟು ಸಣ್ಣ ಕೂಸಿಗಿ ಎಂಥಾ ಅಂಜಿಕ್ರಿ?” ಎಂದಳು ಸಖುಬಾಯಿ.

“ಕಿವಿ ಹಿಂದ ಅದೇನ್ ಕಲಿ ಅದ?”

“ಒಲಿ ಕಿಡಿ ಸಿಡೀತ್ರಿ!” ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಖುಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಹೌದೇನ ಸಿದ್ದಿ?”

ಹುಡುಗಿ ಅಜ್ಜಿಯ ಮುಖ ನೋಡಿದಳು. “ಹೌದ್ರಿ. ಒಲಿ ಕಿಡಿ.”

ಬದುಕಿದೆ ಎಂದುಕೊಂಡಳು ಸಖುಬಾಯಿ.

ಆಮ್ರಪಾಲಿ ಕುರ್ಚಿಯನ್ನು ಹತ್ತಿರ ಎಳೆದಳು. “ಅಂಜಿಕಿ ಆಗಿದ್ದು ಒಂದು ನೆನಸ್ಕೊ. ನನಗ ಹೇಳಬೇಕಂತಿಲ್ಲ. ತಲಿ ಅಲ್ಲಾಡಿಸಬ್ಯಾಡ, ಬರೇ ಕಣ್ಣು.” ಎರಡು ಬೆರಳು ಎತ್ತಿ ಎಡಕ್ಕೂ ಬಲಕ್ಕೂ ಆಡಿಸತೊಡಗಿದಳು. ಹುಡುಗಿಯ ಕಣ್ಣು ಮೂರು ಸಲ ಬೆರಳಿನ ಹಿಂದೆ ಹೋಯಿತು. ನಾಲ್ಕನೆಯದಕ್ಕೆ ಕೆಳಗೆ, ಮೇಜಿನ ಮರೆಗೆ ಜಾರಿತು. ಮತ್ತೆ ಶುರು ಮಾಡಿದರು, ಮತ್ತೆ ಅಲ್ಲಿಗೇ ಜಾರಿತು.

“ಕೆಳಗ ಏನ್ ಹುಡುಕ್ಲತ್ತಿ?”

“ನಿಮ್ಮ ಇನ್ನೊಂದು ಕೈ ರಿ.”

“ಯಾಕವ್ವ?”

ಹುಡುಗಿ ಕುರ್ಚಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು, “ಒಂದು ಕೈ ತೋರಿಸ್ಲತ್ತಾಗ ಇನ್ನೊಂದರಾಗ ಏನರ ಇರ್ತದ್ರಿ. ಸಾಲ್ಯಾಗೂ ನಾ ಅದೇ ನೋಡ್ತೇನಿ. ಮಾಸ್ತರ್ ಬೋರ್ಡಿನ ಮ್ಯಾಲ ಬರೀವಾಗ.”

ಬರೆ ಹಾಕಿದ ಆ ಬೆಳಗು ಸಖುಬಾಯಿಯ ಕಣ್ಣ ಮುಂದೆ ಬಂತು. ಬಲಗೈಯಲ್ಲಿ ಬೆಲ್ಲದ ಅಚ್ಚು ಹಿಡಿದು ‘ಬಾ ನನ್ನವ್ವ’ ಎಂದು ಕರೆದಿದ್ದಳು. ಎಡಗೈ ಬೆನ್ನ ಹಿಂದೆ ಇತ್ತು. ಹುಡುಗಿ ನಗುತ್ತ ಓಡಿ ಬಂದಿದ್ದಳು. ಸುಟ್ಟ ಗಾಯ ಎಂಟು ದಿನಕ್ಕೆ ಮಾಯ್ದಿತ್ತು, ಅಲ್ಲಿಗೆ ಎಲ್ಲ ಮುಗಿಯಿತು ಎಂದೇ ಇಷ್ಟು ದಿನ ತಿಳಿದಿದ್ದಳು. ಎರಡು ವರ್ಷದಿಂದ ಈ ಕೂಸು ಲೋಕದ ಜನರ ಇನ್ನೊಂದು ಕೈಯನ್ನು ಕಾಯುತ್ತ ಕೂತಿದೆ.

ಸುಮ್ಮನಿರಬಹುದಿತ್ತು. ಗುಟ್ಟನ್ನು ಹುಡುಗಿಯೇ ಮುಚ್ಚಿಟ್ಟಿದ್ದಳು. ಆದರೆ ಸಖುಬಾಯಿ ಎದ್ದು ಬಂದು, ಸೆರಗಿನಿಂದ ಎರಡೂ ಕೈ ತೆಗೆದು ಮೇಜಿನ ಮೇಲೆ ಇಟ್ಟಳು.

“ಒಲಿ ಕಿಡಿ ಅಲ್ರಿ, ಮೇಡಂ. ನಾನೇ ಬರಿ ಹಾಕ್ದೆ. ಕುರಿಗಿ ಹಾಕ್ದಾಂಗ. ಬೆಲ್ಲ ತೋರಿಸಿ ಕರದು ಹಾಕ್ದೆ.”

ಆಮ್ರಪಾಲಿ ಬೆರಳು ಕೆಳಗಿಳಿಸಿದಳು. “ದೊಡ್ಡ ತಪ್ಪು ಮಾಡೀರಿ, ಆಯಿ. ಇದು ಇಕಿ ತಾಯಿ ತಂದಿಗಿ ತಿಳೀಬೇಕು.”

“ನಾನೇ ಹೇಳ್ತೇನ್ರಿ. ಇಲ್ಲಿಂದ ಸೀದಾ ಭಾಲ್ಕಿಗೇ ಹೋಗ್ತೇನಿ. ಕೂಸಿನ್ನ ಅಲ್ಲೇ ಇಟ್ಕೋತೇವಂದ್ರ ಇಟ್ಕೊಳ್ಳಿ.” ಸಖುಬಾಯಿ ಮೊಮ್ಮಗಳ ಕಡೆ ತಿರುಗಿದಳು. ಮಕ್ಕಳ ಹತ್ತಿರ ಅವಳು ಈಗ ಹೇಳುವ ಮಾತನ್ನು ಹಿಂದೆಂದೂ ಆಡಿದವಳಲ್ಲ. “ನಂದು ತಪ್ಪಾಯ್ತು, ಸಿದ್ದಿ. ನಿನಗ ಎಲ್ಲಾ ಗೊತ್ತಿತ್ತು. ಮತ್ತ ಮೇಡಂ ಮುಂದ ಯಾಕ ಸುಳ್ಳು ಹೇಳಿದಿ?”

“ಖರೇ ಹೇಳಿದ್ರ ಅಪ್ಪ ನಿನಗ ಬೈತಾನ,” ಎಂದಳು ಹುಡುಗಿ. “ಬರಿ ಹಾಕುವಾಗ ನೀನೂ ಅಳ್ಲತ್ತಿದ್ದಿ, ಆಯಿ. ನಾ ನೋಡೀನಿ.”

ಸಖುಬಾಯಿ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತು, ಮುಖ ಮುಚ್ಚಿಕೊಳ್ಳದೆ ಅತ್ತಳು. ಮುಚ್ಚಿಕೊಳ್ಳಬೇಕೆಂದರೆ ಕೈ ಎತ್ತಬೇಕಿತ್ತು, ಎತ್ತಿದರೆ ಹುಡುಗಿ ಎಲ್ಲಿ ಬೆದರುವಳೋ ಎಂಬ ಭಯ. ಆಮ್ರಪಾಲಿ ಇಬ್ಬರಿಗೂ ನೀರು ಕೊಟ್ಟಳು. ಅಳು ಇಳಿಯುವವರೆಗೆ ಕಾದು, “ಇನ್ನ ಮಾಡೋಣೇನು, ಸಿದ್ದಿ?” ಎಂದು ಕೇಳಿದಳು. ಹುಡುಗಿ ಹೂಂಗುಟ್ಟಿದಳು.

ಈ ಸಲ ಆಮ್ರಪಾಲಿ ತನ್ನ ಎಡಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲೆ ಬಿಚ್ಚಿಟ್ಟಳು. ಬಲಗೈಯ ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಕಣ್ಣು ಹಿಂದೆಯೇ ಹೋಯಿತು. ಐದು ಸಲ, ಎಂಟು ಸಲ, ಹತ್ತು ಸಲ. ಸಖುಬಾಯಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಹನ್ನೆರಡನೆಯದಕ್ಕೆ ಕಣ್ಣು ಥಟ್ಟನೆ ಬೆರಳು ಬಿಟ್ಟು ಕಿಟಕಿಗೆ ಹಾರಿತು. ಹೊರಗೆ ಕರೆಂಟಿನ ತಂತಿಯ ಮೇಲೆ ಒಂದು ಗೊರವಂಕ ಕೊಕ್ಕಿನಲ್ಲಿ ಹುಲ್ಲುಕಡ್ಡಿ ಹಿಡಿದು ಕೂತಿತ್ತು.

“ಮತ್ತ ಹೋಯ್ತಲ್ಲ ಲಕ್ಷ್ಯ,” ಎಂದು ಆಮ್ರಪಾಲಿ ಬೆರಳು ನಿಲ್ಲಿಸಿದಳು.

“ಹಕ್ಕಿ ನೋಡ್ಲತ್ತಾಳ್ರಿ, ಮೇಡಂ,” ಎಂದಳು ಸಖುಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಕೈ ಅಲ್ರಿ, ಹಕ್ಕಿ. ಒಂಚೂರು ನೋಡ್ಲಿ ಬಿಡ್ರಿ.”