ಬಾವಿಕಟ್ಟೆಯ ಆಡುಸೋಗೆ

ಸಂತಪುರದಲ್ಲಿ ಪಿಂಜಾರ ಕರೀಮ ಸಾಬನ ಕೆಮ್ಮು ಗೊತ್ತಿಲ್ಲದವರು ಯಾರಿದ್ದರು? ಹತ್ತಿ ಹಿಂಜಿ ಹಿಂಜಿ ಅವನ ಎದೆ ಕೆಟ್ಟಿತ್ತು. ಮಳೆಗಾಲ ಬಂತೆಂದರೆ ಕಫ ಕಟ್ಟಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಆಗ ಕುರಿಗಾರ ಮಡೆಪ್ಪನ ಹೆಂಡತಿ ಪುತಳಾಬಾಯಿಯೇ ಅವನಿಗೆ ಹಕೀಮ. ಬಾವಿಕಟ್ಟೆಯ ಪಕ್ಕದ ಆಡುಸೋಗೆ ಎಲೆ ಕಿತ್ತು, ಬಿಸಿಯಲ್ಲಿ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕುಡಿಸುವಳು. ಅವಳು ಆ ಗಿಡಕ್ಕೆ ಕೈ ಹಾಕಿದರೆ ಸಾಕು, ಪಿಂಜಾರನಿಗೆ ಎದೆ ಕಟ್ಟಿದೆಯೆಂದು ಊರಿಗೆ ಊರೇ ತಿಳಿಯುತ್ತಿತ್ತು.

ಪೊಲೀಸ್ ಆ್ಯಕ್ಷನ್ ಆಯಿತು. ರಜಾಕಾರರ ಕಾಟ ತಪ್ಪಿತೆಂದು ಜನ ನಿಟ್ಟುಸಿರು ಬಿಡುವಷ್ಟರಲ್ಲಿ ಕೆಲವರಿಗೆ ಮುಸಲ್ಮಾನರೆಲ್ಲರ ಮೇಲೆ ಸೇಡಿನ ಹುಚ್ಚು ಹಿಡಿಯಿತು. ಯಾರೋ ಮಾಡಿದ ಪಾಪ ಯಾರದೋ ತಲೆಗೆ! ಹತ್ತಿ ಹಿಂಜುವ ಬಿಲ್ಲು ಬಿಟ್ಟು ಬೇರೇನೂ ಹಿಡಿಯದ ಕರೀಮ ಸಾಬ ಓಡಿಬಂದು ಪುತಳಾಬಾಯಿಯ ಮನೆಯ, ಜೋಳದ ಕಣಕಿ ಒಟ್ಟುವ ಕೋಣೆಯಲ್ಲಿ ಅಡಗಿದ. ಮಡೆಪ್ಪ ಕುರಿ ಹೊಡೆದುಕೊಂಡು ಔರಾದ ಕಡೆ ಹೋಗಿದ್ದ. ಕಣಕಿಯ ಧೂಳಿಗೆ ಮುದುಕನ ಎದೆ ಕಟ್ಟಿತು. ಕೆಮ್ಮು ಹೊರಗೆ ಕೇಳಿಸಬಾರದೆಂದು ಕಂಬಳಿಯನ್ನು ಬಾಯಿಗೆ ತುರುಕಿಕೊಂಡ.

ಪುತಳಾಬಾಯಿ ಕೊಡ ಹೊತ್ತು ಬಾವಿಗೆ ಹೋದಳು. ಕಟ್ಟೆಯ ಮೇಲೆ ಊರ ಹುಡುಗರು ಬಡಿಗೆ ಹಿಡಿದು ಕೂತಿದ್ದರು. ಅವಳ ಕಣ್ಣೆದುರೇ ಬೆಳೆದ ವೈಜಿನಾಥ, ಪಿಂಜಾರನನ್ನು ಕಂಡಿರಾ ಎಂದು ಕೇಳಿದ. ಎಂದೋ ಊರು ಬಿಟ್ಟ ಅಂದಳು. ಆಡುಸೋಗೆ ಕೈಗೆ ಎಟಕುವಷ್ಟು ಹತ್ತಿರವಿತ್ತು. ಕೈ ಏಳಲಿಲ್ಲ. ಅವನ ಪ್ರಾಣಕ್ಕೆ ಅಂಜಿದಳೋ ತನ್ನ ಪ್ರಾಣಕ್ಕೋ, ದೇವರಿಗೇ ಗೊತ್ತು. ನೀರು ಸೇದಿಕೊಂಡು ಬಂದುಬಿಟ್ಟಳು. ಮನೆಯಲ್ಲಿದ್ದ ಶುಂಠಿ, ಮೆಣಸು ಕುದಿಸಿ ಕೊಟ್ಟಳು, ಅದೆಲ್ಲಿ ಸಾಲಬೇಕು? ಬೆಳಗ್ಗೆ ಅಂಬಲಿ ಒಯ್ದಾಗ ಕರೀಮ ಸಾಬ ಸತ್ತುಹೋಗಿದ್ದ. ಕಂಬಳಿ ಬಾಯಲ್ಲೇ ಇತ್ತು.

ಗಲಾಟೆ ತಣ್ಣಗಾದ ಮೇಲೆ ಅವಳು ಬೀದರಿಗೆ ಹೋದಳು. ಅಲ್ಲಿ ದವಾಖಾನೆಯ ನರ್ಸ್ ಸಾರಮ್ಮ ಗಿಡಮೂಲಿಕೆ ಎಂದರೆ ಉರಿದುಬೀಳುವ ಹೆಂಗಸು. ಹಿಂದೊಮ್ಮೆ, ಸೊಪ್ಪುಸದೆ ಕುಡಿಸಿ ಜನರನ್ನು ಕೊಲ್ಲುತ್ತೀ ಎಂದು ಪುತಳಾಬಾಯಿಯನ್ನು ನಾಲ್ಕು ಜನರೆದುರು ಝಾಡಿಸಿದ್ದಳು. ಆ ಬೈಗುಳ ಕೇಳಲೆಂದೇ ಇವಳು ಇಷ್ಟು ದೂರ ಬಂದದ್ದು. ನಡೆದದ್ದೇನೂ ಹೇಳದೆ, ಸೆರಗಿನಲ್ಲಿ ಕಟ್ಟಿ ತಂದ ಎಲೆ ತೋರಿಸಿ, ಇದರಲ್ಲಿ ಗುಣವಿದೆಯೇ ಎಂದು ಕೇಳಿದಳು.

ಸಾರಮ್ಮ ನಕ್ಕಳು. "ಆವತ್ತ ನಂದೇ ತಪ್ಪಾಯ್ತವ್ವಾ. ನಮ್ಮ ಡಾಕ್ಟರು ಪುಸ್ತಕ ತೋರಿಸ್ಯಾರ. ಇದರೊಳಗಿನ ಸತ್ವ ತೆಗೆದು ಪರೀಕ್ಷಾ ಮಾಡ್ಯಾರಂತ. ಜೀವಾನೇ ಉಳಸ್ತದಂತ ಹೇಳ್ಲಾಕ ಬರಲ್ಲ, ಆದ್ರ ಕಫಾ ಸಡ್ಲ ಮಾಡ್ತದ, ಉಸಿರಿನ ದಾರಿ ಬಿಡಸ್ತದ. ನೀ ಕೊಡ್ಲಾಕತ್ತಿದ್ದು ಖರೇ ದವಾನೇ."

ಪುತಳಾಬಾಯಿ ಅಲ್ಲೇ ನೆಲಕ್ಕೆ ಕೂತು ಸಾರಮ್ಮನ ಸೆರಗು ಹಿಡಿದಳು.

"ಹಾಂಗ ಅನಬ್ಯಾಡ್ರಿ ಬಾಯಾರ. ಬರೇ ಸೊಪ್ಪದು, ಅದರಿಂದ ಏನೂ ಆಗಲ್ಲ ಅನ್ರಿ. ಒಂದ್ ಸಲ ಬೈರಿ ನನಗ."